ಗಾದ್ರಮ್ಮ, ಗಂಡ ಪಾಲಣ್ಣ

ಆ ಊರಿನ ಮತದಾರರ ಪಟ್ಟಿಯಲ್ಲಿ ಐದು ಜನ ಗಾದ್ರಮ್ಮಂದಿರಿದ್ದರು. ಜನ ತಮಗೆ ತೋಚಿದ ಹಾಗೆ ಅಡ್ಡಹೆಸರು ಇಟ್ಟುಕೊಂಡು ಅವರನ್ನು ಗುರುತಿಸುತ್ತಿದ್ದರು. ಗಿರಣಿ ಗಾದ್ರಮ್ಮ, ಮೇಲಿನ ಹಟ್ಟಿ ಗಾದ್ರಮ್ಮ, ಕೆಂಪು ಗಾದ್ರಮ್ಮ, ಮೆಂಬರ್ ಗಾದ್ರಮ್ಮ, ಮತ್ತೆ ಎಲ್ಲರಿಗಿಂತ ಹಿರಿಯಳಾದ ಬೇವಿನಮರದ ಗಾದ್ರಜ್ಜಿ. ಸರ್ಕಾರಕ್ಕೆ ಗಿರಣಿಯೂ ಗೊತ್ತಿಲ್ಲ, ಬೇವಿನಮರವೂ ಗೊತ್ತಿಲ್ಲ. ಅದು ಗಂಡನ ಹೆಸರು ನೋಡಿಯೇ ಒಬ್ಬಳನ್ನು ಇನ್ನೊಬ್ಬಳಿಂದ ಬೇರೆ ಮಾಡಬೇಕು. ಹಾಗಾಗಿ ಆ ಊರಿನ ಮತಗಟ್ಟೆಯಲ್ಲಿ ಯಾವ ಅಧಿಕಾರಿ ಬಂದು ಕೂತರೂ ಗಾದ್ರಮ್ಮ ಎಂದಷ್ಟೇ ಓದಿ ಬಿಡುವ ಹಾಗಿರಲಿಲ್ಲ. ಗಂಡನ ಹೆಸರನ್ನೂ ಸೇರಿಸಿ ಗಟ್ಟಿಯಾಗಿ ಓದಬೇಕಿತ್ತು.

ದುರ್ಗಾಂಬಿಕಾ ಆ ಊರಿನ ಅಂಗನವಾಡಿ ಟೀಚರು. ತವರು ನ್ಯಾಮತಿ. ಹಸಿರು ಕಂಡು ಬೆಳೆದವಳು ಮದುವೆಯಾಗಿ ಜಗಳೂರು ತಾಲ್ಲೂಕಿನ ಈ ಕೆಂಪು ನೆಲಕ್ಕೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಒಂಬತ್ತು ವರ್ಷದಿಂದ ಆ ಮತಗಟ್ಟೆಯ ಬಿಎಲ್ಓ ಕೆಲಸವೂ ಅವಳ ಹೆಗಲಿಗೇ ಬಿದ್ದಿತ್ತು. ಹದಿನೆಂಟು ತುಂಬಿದವರನ್ನು ಪಟ್ಟಿಗೆ ಸೇರಿಸುವುದು, ಸೊಸೆಯಾಗಿ ಬಂದವಳ ಹೆಸರನ್ನು ತವರಿನ ಪಟ್ಟಿಯಿಂದ ಇಲ್ಲಿಗೆ ತರಿಸುವುದು, ತೀರಿಕೊಂಡವರ ಹೆಸರು ತೆಗೆಸುವುದು. ಹೆಸರು ತೆಗೆಸಿದ ದಿನ ಮನೆಗೆ ಬಂದು ಕೈಕಾಲು ತೊಳೆದು ದೇವರ ಮುಂದೆ ಒಂದು ಊದುಬತ್ತಿ ಹಚ್ಚುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ಹಾಗೆ ಮಾಡದಿದ್ದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಗಾದ್ರಜ್ಜಿಯ ಮನೆ ಅಂಗನವಾಡಿಯ ಹಿಂದುಗಡೆ. ಒಂಟಿ ಜೀವ. ಬಾಗಿಲ ಮುಂದೆ ಒಂದು ಬೇವಿನಮರ, ಪಕ್ಕದಲ್ಲಿ ತಮ್ಮನ ಮಗ ಓಬಳೇಶನ ಮನೆ. ಓಬಳೇಶನ ಕುರಿಗಳನ್ನು ನೋಡಿಕೊಳ್ಳುವುದೇ ಅಜ್ಜಿಯ ಬದುಕು. ಎಂಬತ್ತಾರು ಆಗಿದ್ದರೂ ಮರಿ ಹಾಕುವ ಕುರಿ ಇದ್ದರೆ ಮೊದಲು ಕರೆಯುತ್ತಿದ್ದದ್ದು ಅವಳನ್ನೇ. ಮಧ್ಯಾಹ್ನ ಮಕ್ಕಳ ಊಟವಾದ ಮೇಲೆ ಅಂಗನವಾಡಿಯ ಜಗಲಿಗೆ ಬಂದು ಕೂತು ಸೊಪ್ಪು ಸೋಸಿಕೊಡುತ್ತಿದ್ದಳು.

"ಅಜ್ಜಿ, ಇದು ಯಾವ ಸೊಪ್ಪು?" ಎಂದು ದುರ್ಗಾಂಬಿಕಾ ಬೇಕಂತಲೇ ಕೆಣಕುತ್ತಿದ್ದಳು.

"ಅದೇ, ಅಗಲ ಎಲೇದು."

"ಅದಕ್ಕೊಂದು ಹೆಸರಿಲ್ವಾ?"

"ಐತೆ. ನಿಮ್ಮಪ್ಪನ ತಲೆ ಸೊಪ್ಪು. ಸಾರಿಗೆ ಹಾಕ್ತೀಯೋ, ಹೆಸರು ಕೇಳ್ಕಂತ ಕೂರ್ತೀಯೋ?"

ಸೊಪ್ಪು ಪಾಲಕ್. ಗಂಡನ ಹೆಸರು ಪಾಲಣ್ಣ. ಆ ಹೆಸರಷ್ಟೇ ಅಲ್ಲ, ಅದರ ಜಾಡು ಇರುವ ಯಾವ ಮಾತನ್ನೂ ಅಜ್ಜಿ ಆಡುತ್ತಿರಲಿಲ್ಲ. ಪಾಲು ಅನ್ನುವ ಕಡೆ ಭಾಗ ಅನ್ನುತ್ತಿದ್ದಳು. ಆ ಕಡೆಯ ಹಳೆ ತಲೆಮಾರಿನ ಹೆಂಗಸರೆಲ್ಲ ಹೀಗೇ. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯುಷ್ಯ ಸವೆಯುತ್ತದೆ ಎಂಬ ಅಂಜಿಕೆ. ಪಾಲಣ್ಣ ಹೋಗಿ ಅರವತ್ತು ವರ್ಷವಾಗುತ್ತ ಬಂದಿತ್ತು. ಸವೆಯಲು ಆಯುಷ್ಯವೇ ಉಳಿದಿರಲಿಲ್ಲ. ಆದರೂ ಅಜ್ಜಿ ಆ ಹೆಸರನ್ನು ಆಡಿದವಳಲ್ಲ.

ಆಡುತ್ತಿರಲಿಲ್ಲ, ಆದರೆ ಕೇಳುವ ಆಸೆ ಇತ್ತು. ಅದು ದುರ್ಗಾಂಬಿಕಾಗೆ ತಿಳಿದದ್ದು ಹಿಂದಿನ ವರ್ಷದ ವಿಧಾನಸಭೆ ಚುನಾವಣೆಯಲ್ಲಿ. ಅಜ್ಜಿ ಯಾವಾಗಲೂ ಶಾಲೆಯ ಮತಗಟ್ಟೆಯಲ್ಲಿ ಹೆಂಗಸರ ಸಾಲಿಗೆ ಮೊದಲನೆಯವಳು. ಅಧಿಕಾರಿ, "ಮುನ್ನೂರ ತೊಂಬತ್ತೊಂದು, ಗಾದ್ರಮ್ಮ, ಗಂಡ ಪಾಲಣ್ಣ" ಎಂದು ಓದಿದ. ಪಕ್ಷಗಳ ಏಜೆಂಟರು ತಮ್ಮ ತಮ್ಮ ಹಾಳೆಯಲ್ಲಿ ಗೀಟು ಹಾಕಿಕೊಂಡರು. ಅಜ್ಜಿ ಮುಂದೆ ಹೋಗಲಿಲ್ಲ.

"ಇನ್ನೊಂದ್ಸಲ ಓದಪ್ಪ."

"ಯಾಕಜ್ಜಿ, ತಪ್ಪೈತಾ?"

"ತಪ್ಪಿಲ್ಲ. ಓದು."

ಅವನು ಮತ್ತೆ ಓದಿದ. ಸಾಲಿನಲ್ಲಿದ್ದವರು ನಕ್ಕರು. ಅಜ್ಜಿ ಬೆರಳಿಗೆ ಶಾಯಿ ಹಾಕಿಸಿಕೊಂಡು, ಒಳಗೆ ಹೋಗಿ ಗುಂಡಿ ಒತ್ತಿ, ಮದುವೆ ಮನೆಯಿಂದ ಬಂದವಳ ಹಾಗೆ ಮುಖ ಬೆಳಗಿಸಿಕೊಂಡು ಹೊರಗೆ ಬಂದಳು. ಮನೆಗೆ ಕೈಹಿಡಿದು ಕರೆದುಕೊಂಡು ಹೋಗುವಾಗ, ಎರಡು ಸಲ ಓದಿಸಿದ್ದು ಯಾಕೆಂದು ದುರ್ಗಾಂಬಿಕಾ ಕೇಳಿದಳು. ಅವಳು ಕೇಳಿದರೆ ಜನ ಹೇಳುತ್ತಿದ್ದರು, ಮಧ್ಯೆ ಬಾಯಿ ಹಾಕುವ ಅಭ್ಯಾಸ ಅವಳಿಗಿರಲಿಲ್ಲ.

"ಅವರನ್ನ ನೆನೆಸಾಕೆ ನನ್ನತ್ರ ಏನೈತೆ ಹೇಳವ್ವ" ಎಂದಳು ಅಜ್ಜಿ. "ಒಂದು ಫೋಟೋ ಇಲ್ಲ. ಹೊಲ ಇದ್ದಿದ್ರೆ ಪಹಣೀಲಿ ಹೆಸರು ಇರೋದು, ಹೊಲ ಇರಲಿಲ್ಲ. ಮಗ ಹುಟ್ಟಿದ್ರೆ ಶಾಲೇಲಿ ಅಪ್ಪನ ಹೆಸರು ಅಂತ ಬರ್ಕಂತಿದ್ರು, ಹುಟ್ಟಲಿಲ್ಲ. ಭತ್ತ ಕೊಯ್ಯಾಕೆ ಅಂತ ಸೂಳೆಕೆರೆ ಕಡೀಗೆ ಹೋಗ್ತಿದ್ವಿ ಇಬ್ರೂ. ಅಲ್ಲೇ ಜ್ವರ ಬಂತು, ಮೂರೇ ದಿನ. ಕೆರೆ ಅಂಚಿಗೆ ಮಣ್ಣು ಮಾಡಿದ್ರು. ಮಾರನೇ ವರ್ಷ ನೋಡಾಕೆ ಹೋದ್ರೆ ಅದು ಯಾರದೋ ಗದ್ದೆ ಆಗಿತ್ತು. ಪೈರು ನಿಂತಿತ್ತು. ಎಲ್ಲಿ ಅಂತ ಕೈ ಮುಗಿಲಿ?"

ದಾರಿಯ ಕಲ್ಲು ತಪ್ಪಿಸಿಕೊಂಡು ನಾಲ್ಕು ಹೆಜ್ಜೆ ಹಾಕಿದಳು.

"ಆಧಾರ್ ಮಾಡ್ಸಾಕೆ ಓಬಳೇಶ ಕರ್ಕಂಡು ಹೋಗಿದ್ದ. ಅದರಾಗೆ ಅವನ ಹೆಸರೇ ಬಂದೈತಂತೆ. ರೇಷನ್ ಕಾರ್ಡಿನಾಗೆ ನಾನೊಬ್ಳೇ. ಇದೊಂದು ಪಟ್ಟೀಲಿ ಮಾತ್ರ ಅವರು ನನ್ನ ಪಕ್ಕ ಅದಾರೆ. ಮೊದಲ್ನೇ ಸಲ ಓಟು ಹಾಕಿದಾಗ ಅವರೂ ಇದ್ರು, ಗಂಡಸರ ಸಾಲಿನಾಗೆ. ನನ್ನ ಹೆಸರಿನ ಜೊತೆ ಅವರ ಹೆಸರು ಕೂಗಿದ ಕೂಡ್ಲೇ ತಿರುಗಿ ನೋಡಿದ್ರು ನನ್ನ. ಅವತ್ತಿಂದ ಯಾವ ಓಟೂ ಬಿಟ್ಟಿಲ್ಲ. ಐದು ವರ್ಷಕ್ಕೋ ಮೂರು ವರ್ಷಕ್ಕೋ ಒಂದ್ಸಲ ಊರ ಮುಂದೆ, ಸರ್ಕಾರದೋನು, ಗಟ್ಟಿಯಾಗಿ ಓದ್ತಾನೆ. ಆಮೇಲೆ ನನಗೆ ಸಾಕಾಗ್ತೈತೆ ಕಣವ್ವ, ಮುಂದಿನ ಓಟಿನ ಗಂಟ."

ದುರ್ಗಾಂಬಿಕಾ ಅವತ್ತಿನಿಂದ ಆ ಕ್ರಮಸಂಖ್ಯೆಯನ್ನು ಮರೆಯಲಿಲ್ಲ. ಪಟ್ಟಿ ಪರಿಷ್ಕರಣೆ ಬಂದಾಗೆಲ್ಲ ಮೊದಲು ಮುನ್ನೂರ ತೊಂಬತ್ತೊಂದನ್ನು ನೋಡುತ್ತಿದ್ದಳು, ಒಂದಕ್ಷರ ಆಚೀಚೆ ಆಗದಿರಲಿ ಎಂದು.

ಲೋಕಸಭೆ ಚುನಾವಣೆ ಬಂದ ವರ್ಷ, ಶಿವರಾತ್ರಿಯ ಹೊತ್ತಿಗೆ, ಅಜ್ಜಿ ಕೊಟ್ಟಿಗೆಯಲ್ಲಿ ಜಾರಿ ಬಿದ್ದಳು. ಮೊಣಕಾಲು ಕುಂಬಳಕಾಯಿಯ ಹಾಗೆ ಊದಿತು. ಯುಗಾದಿಗೂ ಹೊಸ್ತಿಲು ದಾಟಲಿಲ್ಲ. ಅದೇ ಸಮಯಕ್ಕೆ ತಾಲ್ಲೂಕು ಕಚೇರಿಯಿಂದ ನಮೂನೆಗಳು ಬಂದವು. ಎಂಬತ್ತೈದು ದಾಟಿದವರು, ನಡೆಯಲಾಗದವರು ಬಯಸಿದರೆ ಮನೆಯಿಂದಲೇ ಓಟು ಹಾಕಬಹುದು, ಅಧಿಕಾರಿಗಳೇ ಬರುತ್ತಾರೆ, ರಟ್ಟಿನ ಮರೆ ಇಟ್ಟು ಗುಟ್ಟಾಗಿ ಬರೆಸಿಕೊಂಡು ಲಕೋಟೆಗೆ ಹಾಕಿ ಅಂಟಿಸಿಕೊಂಡು ಹೋಗುತ್ತಾರೆ. ದುರ್ಗಾಂಬಿಕಾ ನಮೂನೆ ಹಿಡಿದುಕೊಂಡು ಅಜ್ಜಿಯ ಹಾಸಿಗೆಯ ಪಕ್ಕ ಕೂತಳು.

"ಇಲ್ಲೀಗೇ ಬರ್ತಾರಾ?"

"ಹೂನಜ್ಜಿ, ಮನೆ ಬಾಗಿಲಿಗೇ."

"ಹೆಸರು ಓದ್ತಾರಾ?"

"ಓದ್ದೆ ಇರ್ತಾರಾ? ಓದದಿದ್ರೆ ನಾನು ಓದಿಸ್ತೀನಿ."

ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಆ ಹೆಬ್ಬೆಟ್ಟಿನ ಕೆಳಗೆ ಸಣ್ಣಕ್ಷರದಲ್ಲಿ ಏನೇನು ಬರೆದಿತ್ತೋ, ದುರ್ಗಾಂಬಿಕಾ ಪೂರ್ತಿ ಓದಲಿಲ್ಲ. ಅವತ್ತು ಅವಳ ಕೈಯಲ್ಲಿ ಅಂಥ ಹದಿನಾಲ್ಕು ನಮೂನೆಗಳಿದ್ದವು, ಸಂಜೆಯೊಳಗೆ ಜಗಳೂರಿಗೆ ಮುಟ್ಟಿಸಬೇಕಿತ್ತು.

ಒಂದೆರಡು ವಾರ ಕಳೆಯಿತು. ಯಾರದೋ ಎಣ್ಣೆ, ಯಾರದೋ ಪಟ್ಟು, ದೇವರ ದಯೆ, ಮೊಣಕಾಲು ಇಳಿಯಿತು. ಅಜ್ಜಿ ಕೋಲು ಹಿಡಿದು ಜಗಲಿಗೆ ಬಂದಳು. ಬಂದವಳೇ ಮಾತು ತೆಗೆದಳು.

"ಟೀಚರಮ್ಮ, ಮನೇಲಿ ಓದಿದ್ರೆ ಯಾರು ಕೇಳ್ತಾರೆ? ಗೋಡೆ ಕೇಳ್ತಾವೆ, ಬೆಕ್ಕು ಕೇಳ್ತೈತೆ. ನಾನು ಶಾಲೇಗೇ ಬರ್ತೀನಿ."

"ಬಾ ಅಜ್ಜಿ, ಅದಕ್ಕೇನಂತೆ" ಎಂದಳು ದುರ್ಗಾಂಬಿಕಾ. "ಮನೇಲಿ ಹಾಕದಿದ್ರೆ ಶಾಲೇಲಿ ಹಾಕೋದು. ಒಂದು ಕಡೆ ಹಾಕಿದ್ರೆ ಆತು."

ಹಾಗೆ ಹೇಳುವಾಗ ಅವಳಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಅನುಮಾನ ಇರಲಿಲ್ಲ ಎಂಬುದೇ ಆಮೇಲೆ ಅವಳನ್ನು ಹೆಚ್ಚು ಸುಟ್ಟದ್ದು.

ಮನೆ ಓಟಿನ ತಂಡ ಏಪ್ರಿಲ್ ಕೊನೆಯಲ್ಲಿ ಬಂತು. ಮೊದಲ ದಿನ ಅಜ್ಜಿ ಓಬಳೇಶನ ಜೊತೆ ಜಗಳೂರಿನ ಆಸ್ಪತ್ರೆಗೆ ಹೋಗಿದ್ದಳು. ಇನ್ನೊಮ್ಮೆ ಬರುತ್ತೇವೆ ಎಂದು ಬಾಗಿಲಿಗೆ ಚೀಟಿ ಅಂಟಿಸಿ ಹೋದರು. ಎರಡನೇ ಸಲ ಬೆಳಿಗ್ಗೆ ಎಂಟೂವರೆಗೇ ಜೀಪು ಬಂತು. ಅಜ್ಜಿ ಗುಡ್ಡದ ಬುಡದ ಕುರಿಹಟ್ಟಿಯಲ್ಲಿದ್ದಳು. ಓಬಳೇಶ ಬೈಕಿನಲ್ಲಿ ಬಿಟ್ಟು ಬಂದಿದ್ದ. ದುರ್ಗಾಂಬಿಕಾ ಅದನ್ನು ಕಣ್ಣಾರೆ ನೋಡಿದ್ದಳು. ಕರೆದುಕೊಂಡು ಬರಲು ಹೆಚ್ಚೆಂದರೆ ಅರ್ಧ ಗಂಟೆ.

"ಇದ್ದಾರಾ, ಇಲ್ವಾ ಮೇಡಂ?" ತಂಡದ ಅಧಿಕಾರಿ ಗಡಿಯಾರ ನೋಡಿಕೊಂಡ. "ಇನ್ನೂ ಹನ್ನೊಂದು ಮನೆ ಐತೆ. ಬಿಸಿಲೇರ್ತಾ ಐತೆ."

ಅವಳ ಕೈಯಲ್ಲಿ ಫೋನಿತ್ತು. ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡುವ ದಿನ, ತಾಯಂದಿರು ಆಗಲೇ ಬಂದು ಕೂತಿದ್ದರು. ಅಜ್ಜಿಗೆ ಹೇಗೂ ಶಾಲೆಯೇ ಬೇಕು, ಅಲ್ಲಿಯೇ ಹಾಕಲಿ ಬಿಡು ಎಂದುಕೊಂಡಳು.

"ಇಲ್ಲ ಸರ್" ಎಂದಳು.

ವಿಡಿಯೋದವನು ಬೀಗ ಹಾಕಿದ ಬಾಗಿಲನ್ನು ಚಿತ್ರ ತೆಗೆದುಕೊಂಡ. ಎರಡು ಸಲವೂ ಮತದಾರರು ಇರಲಿಲ್ಲವೆಂದು ಬರೆದ ಮಹಜರಿಗೆ ದುರ್ಗಾಂಬಿಕಾ ಸಹಿ ಹಾಕಿದಳು.

ಓಟಿಗೆ ವಾರವಿರುವಾಗ ಜಗಳೂರಿನಲ್ಲಿ ಬಿಎಲ್ಓಗಳ ಸಭೆ ಸೇರಿತು. ಮತದಾರರ ಚೀಟಿ ಹಂಚುವ ಬಗ್ಗೆ ಮೇಲ್ವಿಚಾರಕ ಗುರುಬಸವರಾಜ್ ಹೇಳುತ್ತಿದ್ದರು. ಒಳ್ಳೆಯ ಮನುಷ್ಯ, ಗದರಿಸಿದರೂ ಕೊನೆಗೊಂದು ಚಹಾ ತರಿಸುವವರು.

"ಮನೆ ಓಟಿಗೆ ಅರ್ಜಿ ಕೊಟ್ಟೋರ ಹೆಸರಿನ ಮುಂದೆ ಪಟ್ಟೀಲಿ ಪಿಬಿ, ಅಂದ್ರೆ ಅಂಚೆ ಓಟು ಅಂತ ಗುರುತು ಇರ್ತೈತೆ. ಅವರು ಬೂತಿಗೆ ಬಂದ್ರೂ ಬಿಡಂಗಿಲ್ಲ. ಮೊದ್ಲೇ ತಿಳಿಸಿ ಹೇಳ್ರಿ, ಆ ದಿವಸ ಗಲಾಟೆ ಆಗಬಾರದು."

ದುರ್ಗಾಂಬಿಕಾ ಎದ್ದು ನಿಂತಳು. "ಸರ್, ಮನೇಲಿ ಹಾಕೇ ಇಲ್ಲದೋರು?"

"ಹಾಕಿರ್ಲಿ ಬಿಡ್ಲಿ. ಅರ್ಜಿ ಮಂಜೂರಾದ್ ಮೇಲೆ ಮುಗೀತು. ಒಬ್ಬರೇ ಎರಡು ಕಡೆ ಹಾಕಬಾರದು ಅಂತ ಮಾಡಿರೋ ಕಾನೂನು ಅದು ಮೇಡಂ."

"ಅವರು ಒಂದು ಕಡೇನೂ ಹಾಕಿಲ್ಲ ಸರ್."

"ಎರಡು ಸಲ ಹೋಗಿದ್ವಿ, ಇರಲಿಲ್ಲ ಅಂತ ಮಹಜರೈತೆ. ಅದರಾಗೆ ಸಹಿ ಯಾರದು?"

ಅವಳು ಕೂತುಬಿಟ್ಟಳು. ಸಭೆ ಮುಗಿದ ಮೇಲೂ ಅವರ ಬೆನ್ನು ಬಿಡಲಿಲ್ಲ. ಅವರು ಅವಳ ಮುಖ ನೋಡಿ ಮೇಲಿನವರಿಗೆ ಫೋನು ಮಾಡಿದರು, ಇನ್ನೊಬ್ಬರಿಗೆ ಮಾಡಿದರು. ತಂಡಗಳ ಕೆಲಸ ಮುಗಿದು ಲಕೋಟೆಗಳು ಖಜಾನೆ ಸೇರಿದ್ದವು. "ಒಂದು ಓಟಿಗೆ ಇಷ್ಟ್ಯಾಕೆ ಒದ್ದಾಡ್ತೀರಿ ಮೇಡಂ?" ಎಂದರು ಅವರು, ಬೇಸರದಿಂದಲ್ಲ, ನಿಜಕ್ಕೂ ಅರ್ಥವಾಗದೆ. ಒಬ್ಬ ಮುದುಕಿ ಗಂಡನ ಹೆಸರು ಕೇಳಬೇಕಂತೆ ಎಂದು ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ನಿಂತು ಹೇಗೆ ಹೇಳುವುದು?

ಅಜ್ಜಿಗೆ ಹೇಳಬೇಕಿತ್ತು. ಮೊದಲ ದಿನ ಹೋದರೆ ಅಜ್ಜಿ ಹಸಿರು ಸೀರೆಯನ್ನು ಒಗೆದು ಬೇವಿನಮರದ ಕೆಳಗೆ ಹರವಿದ್ದಳು. "ಓಟಿನ ದಿವಸಕ್ಕೆ" ಎಂದಳು. ದುರ್ಗಾಂಬಿಕಾ ಸೀರೆಯ ಅಂಚು ಸರಿಮಾಡಿ ವಾಪಸು ಬಂದಳು. ಎರಡನೇ ದಿನ ಹೋದರೆ ಅಜ್ಜಿಯ ಮನೆಯಲ್ಲಿ ನೆಂಟರು. ಮೂರನೇ ದಿನ ದೇವಿಗೆ ದೀಪ ಹಚ್ಚಿ, ಬಾಯಿಗೆ ಮಾತು ಕೊಡು ತಾಯಿ ಎಂದು ಬೇಡಿಕೊಂಡು ಹೋದಳು.

"ಅಜ್ಜಿ, ಈ ಸಲ ಒಂದು ತೊಡಕಾಗೈತೆ. ನಿಂದು ಮನೆ ಓಟು ಅಂತ ಬರ್ಕಂಡಾರೆ. ಶಾಲೇಲಿ ಬಿಡಲ್ವಂತೆ."

ಅಜ್ಜಿ ಕೋಲು ಪಕ್ಕಕ್ಕಿಟ್ಟು ಕೂತಳು.

"ಪಟ್ಟೀಲಿ ಹೆಸರೈತೋ ಇಲ್ವೋ?"

"ಐತೆ."

"ಅವರದ್ದು?"

"ಅದೂ ಐತೆ."

"ಹಂಗಾದ್ರೆ ಓದ್ತಾರೆ ಬಿಡು. ನೀನು ಸುಮ್ಸುಮ್ನೆ ಹೆದ್ರುತೀಯ."

ಇನ್ನೂ ಬಿಡಿಸಿ ಹೇಳಬೇಕಿತ್ತು. ನಾನು ಹೇಳಿದ್ದೇ ತಪ್ಪು, ನೀನು ಹಟ್ಟಿಯಲ್ಲಿದ್ದದ್ದು ಗೊತ್ತಿದ್ದೂ ಇಲ್ಲವೆಂದೆ ಎನ್ನಬೇಕಿತ್ತು. ಅಜ್ಜಿ ಮಜ್ಜಿಗೆ ತಂದು ಕೈಗಿಟ್ಟಳು. ದುರ್ಗಾಂಬಿಕಾ ಅದನ್ನು ಕುಡಿದು ಎದ್ದು ಬಂದಳು.

ಮೇ ಏಳರಂದು ಬೆಳಿಗ್ಗೆ ಆರೂವರೆಗೇ ಅಜ್ಜಿ ಸಾಲಿನಲ್ಲಿದ್ದಳು. ಹಸಿರು ಸೀರೆ, ಹಣೆಗೆ ವಿಭೂತಿ, ಕೈಯಲ್ಲಿ ಕೋಲು. ದುರ್ಗಾಂಬಿಕಾ ಶಾಲೆಯ ಗೇಟಿನ ಪಕ್ಕ ಮೇಜು ಹಾಕಿಕೊಂಡು ಪಟ್ಟಿಯಲ್ಲಿ ಹೆಸರು ಹುಡುಕಿಕೊಡುವ ಕೆಲಸದಲ್ಲಿದ್ದಳು. ಏಳಕ್ಕೆ ಬಾಗಿಲು ತೆರೆದ ಕೂಡಲೇ ಮೇಜು ಬಿಟ್ಟು ಅಜ್ಜಿಯ ಹಿಂದೆಯೇ ಹೋಗಿ ಮತಗಟ್ಟೆಯ ಬಾಗಿಲಲ್ಲಿ ನಿಂತಳು.

ಮೊದಲನೇ ಅಧಿಕಾರಿ ಹೊನ್ನಾಳಿ ಕಡೆಯ ಮೇಷ್ಟ್ರು, ಸಿದ್ದೇಶ್ ಎಂದು. ಗುರುತಿನ ಚೀಟಿ ತೆಗೆದುಕೊಂಡ, ಹಾಳೆ ತಿರುವಿದ. ಕೆಂಪು ಶಾಯಿಯ ಎರಡಕ್ಷರದ ಮೇಲೆ ಅವನ ಬೆರಳು ನಿಂತಿತು. ಓದಲಿಲ್ಲ.

"ಅಜ್ಜಿ, ನಿಮ್ಮದು ಅಂಚೆ ಓಟಾಗೈತೆ. ಇಲ್ಲಿ ಹಾಕಂಗಿಲ್ಲ."

"ಓದಪ್ಪ" ಎಂದಳು ಅಜ್ಜಿ.

"ಓದೋ ಹಂಗಿಲ್ಲಜ್ಜಿ."

"ಯಾಕೆ? ನಾನು ಬದುಕಿದೀನಲ್ಲ."

ಏಜೆಂಟ್ ತಿಪ್ಪೇಶ್ ಕುರ್ಚಿಯಿಂದ ಬಗ್ಗಿದ. ಬಾಯಿ ಸುಮ್ಮನಿರದ ಆಸಾಮಿ. "ಸರ್, ಯಾವ ಗಾದ್ರಮ್ಮ ನೋಡ್ರಿ ಸರಿಯಾಗಿ. ನಮ್ಮೂರಾಗೆ ಐದು ಜನ ಅದಾರೆ. ಗಿರಣಿ ಗಾದ್ರಮ್ಮಂಗೆ ಹಾಕೋ ಗುರುತು ಇವಳಿಗೆ ಹಾಕೀರಾ ಹೆಂಗೆ!"

ಸಿದ್ದೇಶನ ಮುಖದಲ್ಲಿ ಒಂದು ಆಸೆ ಮೂಡಿತು. ಅವನಿಗೂ ಆ ಮುದುಕಿಯನ್ನು ವಾಪಸು ಕಳಿಸುವ ಮನಸ್ಸಿರಲಿಲ್ಲ. ಫೋಟೋ ನೋಡಿದ. ಪಟ್ಟಿಯಲ್ಲಿದ್ದದ್ದು ಕಪ್ಪಗೆ ಮಸಿ ಬಳಿದ ಹಾಗಿತ್ತು, ಐದು ಜನರಲ್ಲಿ ಯಾರದ್ದಾದರೂ ಆಗಬಹುದಿತ್ತು. ಗುರುತಿನ ಚೀಟಿ ಹಳೆಯದು, ಅಕ್ಷರ ಅಳಿಸಿಹೋಗಿತ್ತು.

"ಗಂಡನ ಹೆಸರೇನಜ್ಜಿ?"

ತಿಪ್ಪೇಶ್ ನಕ್ಕ. "ಅದೊಂದು ಕೇಳಬ್ಯಾಡ್ರಿ ಸರ್. ಪಾಲಕ್ ಸೊಪ್ಪಿಗೇ ಹೆಸರಿಡಿದು ಕರೆಯಲ್ಲ ಆಯಮ್ಮ."

ಬಾಗಿಲಲ್ಲಿ ನಿಂತ ದುರ್ಗಾಂಬಿಕಾಗೆ ಗೊತ್ತಿತ್ತು. ಹೆಸರು ತಾನೇ ಹೇಳಬಹುದು. ಹೇಳಿದರೆ ಅದೇ ಸಾಲು, ಅದೇ ಕೆಂಪು ಗುರುತು. ಹೇಳದಿದ್ದರೆ ಇನ್ನೂ ಒಂದು ನಿಮಿಷ ಸಿದ್ದೇಶನ ಮುಖದಲ್ಲಿ ಆ ಆಸೆ ಉಳಿಯುತ್ತದೆ.

ಅಜ್ಜಿ ಸುತ್ತ ನೋಡಿದಳು. ಏಜೆಂಟರು, ಪೊಲೀಸಿನವನು, ಹಿಂದೆ ಸಾಲಿನಲ್ಲಿ ನಿಂತ ಸೊಸೆಯಂದಿರು, ಊರ ಗಂಡಸರು. ಇವರಿಗೆಲ್ಲ ನಾನು ಯಾರೆಂಬ ಅನುಮಾನ ಬಂದಿದೆ, ಅದಕ್ಕೇ ಓದುತ್ತಿಲ್ಲ ಎಂದುಕೊಂಡಳೇನೋ. ಕೋಲನ್ನು ಮೇಜಿಗೆ ಒರಗಿಸಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ದೇವರ ಮುಂದೆ ನಿಂತವಳ ಹಾಗೆ ಕಣ್ಣು ಮುಚ್ಚಿದಳು.

"ಪಾಲಣ್ಣ" ಎಂದಳು.

ಆ ದನಿ ಅವಳದ್ದೇ ಅಲ್ಲ, ಯಾರೋ ಎಳೆಯ ಹೆಂಗಸಿನದ್ದು ಎನ್ನುವ ಹಾಗಿತ್ತು. ಅಷ್ಟೂ ವರ್ಷ ಬಳಸದೆ ಇಟ್ಟ ದನಿ. ಇನ್ನೂ ಕೇಳಿಸಿರಲಿಕ್ಕಿಲ್ಲ ಎಂದು ಮತ್ತೆ ಹೇಳಿದಳು.

"ಪಾಲಣ್ಣ. ಪಾಲಣ್ಣನ ಹೇಂತಿ ನಾನು."

ಸಿದ್ದೇಶ್ ಪಟ್ಟಿ ನೋಡಿದ. ಒಂದು ಸಲ ಅಲ್ಲ, ಮೂರು ಸಲ ನೋಡಿದ.

"ಹೂನಜ್ಜಿ" ಎಂದ ಮೆಲ್ಲಗೆ. "ಅದೇ. ಆ ಹೆಸರಿಗೇ ಪಿಬಿ ಆಗಿರೋದು."

ಮತಗಟ್ಟೆಯ ದೊಡ್ಡ ಅಧಿಕಾರಿ ಎದ್ದು ಬಂದು ಕೈಪಿಡಿ ತೆಗೆದು ಪುಟ ತಿರುವಿದರು. ಬೇರೆಯವರು ನಿಮ್ಮ ಓಟು ಹಾಕಿದ್ದರೆ ಅದಕ್ಕೊಂದು ದಾರಿ ಇತ್ತು, ಏಜೆಂಟರು ತಕರಾರು ಮಾಡಿದರೆ ಅದಕ್ಕೊಂದು ದಾರಿ ಇತ್ತು. ಇದಕ್ಕೆ ಇರಲಿಲ್ಲ. ಅವರು ಕನ್ನಡಕ ತೆಗೆದು, "ಮುಂದಿನ ಸಲ ಬನ್ನಿ ತಾಯಿ" ಎಂದರು. ಎಂಬತ್ತಾರು ವರ್ಷದವಳಿಗೆ ಹಾಗೆ ಹೇಳಿದ್ದು ತಮಗೇ ಕೇಳಿಸಿ ತಲೆ ತಗ್ಗಿಸಿದರು.

ಅಷ್ಟರಲ್ಲಿ ಯಾರೋ ಫೋನು ಮಾಡಿ ಗುರುಬಸವರಾಜ್ ಬಂದಿದ್ದರು. "ಇವರಿಗೆ ಶಾಲೆಗೆ ಬರಾಕೆ ಯಾರು ಹೇಳಿದ್ದು?" ಎಂದು ಕೇಳಿದರು, ಕಣ್ಣು ದುರ್ಗಾಂಬಿಕಾಳ ಕಡೆ. ಅವಳು ಬಾಯಿ ತೆರೆಯುವುದರೊಳಗೆ ಅಜ್ಜಿ ಉತ್ತರ ಕೊಟ್ಟಳು.

"ಯಾರೂ ಹೇಳಿಲ್ಲಪ್ಪ. ಬರಬ್ಯಾಡ ಅಂತ್ಲೇ ಅಂದಿದ್ಲು ಟೀಚರಮ್ಮ. ನಾನೇ ಬಂದೆ, ಅಪ್ಪನ ಮನೆ ಅನ್ನೋ ಹಂಗೆ."

ಸಾಲು ಮುಂದೆ ಸರಿಯಿತು. ಅಜ್ಜಿಯ ಹಿಂದೆಯೇ ನಿಂತಿದ್ದದ್ದು ಗಿರಣಿ ಗಾದ್ರಮ್ಮ. ಅವಳ ಹೆಸರನ್ನು, ಅವಳ ಗಂಡನ ಹೆಸರನ್ನು ಸಿದ್ದೇಶ್ ಓದಿದ. ಅವತ್ತು ಅವನ ದನಿ ಯಾಕೋ ಮೇಲೇಳಲಿಲ್ಲ, ಏಜೆಂಟರು ಎರಡೆರಡು ಸಲ ಕೇಳಬೇಕಾಯಿತು.

ಮನೆಯ ದಾರಿಯಲ್ಲಿ ದುರ್ಗಾಂಬಿಕಾ ಎಲ್ಲ ಹೇಳಿದಳು. ಓದದೆ ಹೆಬ್ಬೆಟ್ಟು ಒತ್ತಿಸಿದ್ದು, ತಿಳಿಯದೆ ಬಾ ಎಂದದ್ದು, ಹಟ್ಟಿಯಲ್ಲಿರುವುದು ಗೊತ್ತಿದ್ದೂ ಇಲ್ಲ ಎಂದದ್ದು. ಅಳುವಿನ ನಡು ನಡುವೆ ಹೇಳಿದಳು. ಅಜ್ಜಿ ಕೇಳುತ್ತಾ ನಡೆದಳು. ಬೇವಿನಮರದ ಹತ್ತಿರ ಬಂದಾಗ ನಿಂತಳು.

"ಜೀಪಿನ ಸದ್ದು ನಂಗೂ ಕೇಳ್ಸಿತ್ತು ಕಣವ್ವ ಅವತ್ತು. ನಾನೇ ಎದ್ದು ಬರಲಿಲ್ಲ. ನೀನು ಅಳಬ್ಯಾಡ."

ಗುಡ್ಡದ ಬುಡಕ್ಕೂ ಊರಿಗೂ ಎರಡು ಕಿಲೋಮೀಟರು. ನಡುವೆ ದಿಬ್ಬ. ಜೀಪಿನ ಸದ್ದಿರಲಿ, ಊರಲ್ಲಿ ಪಟಾಕಿ ಹೊಡೆದರೂ ಅಲ್ಲಿಗೆ ಕೇಳಿಸುತ್ತಿರಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು. ದುರ್ಗಾಂಬಿಕಾಗೆ ಆ ಮಾತಿಗಿಂತ ಎರಡು ಏಟು ಹೊಡೆದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಜೂನಿನಲ್ಲಿ ಎಣಿಕೆಯಾಯಿತು. ಗೆದ್ದವರು ಗೆದ್ದರು. ಅಂತರ ಸಾವಿರಗಟ್ಟಲೆ, ಒಂದು ಓಟಿನಿಂದ ಏನೂ ಆಗುತ್ತಿರಲಿಲ್ಲ ಎಂದು ಅಂಗನವಾಡಿಯ ಮುಂದೆ ಯಾರೋ ಮಾತಾಡಿಕೊಂಡು ಹೋದರು. ಅಜ್ಜಿ ಜಗಲಿಗೆ ಬರುವುದು ಕಡಿಮೆ ಮಾಡಿದಳು. ಸಿಟ್ಟಿನಿಂದಲ್ಲ. ಕರೆದರೆ ಬರುತ್ತಿದ್ದಳು, ಸೊಪ್ಪು ಸೋಸಿಕೊಡುತ್ತಿದ್ದಳು. ದುರ್ಗಾಂಬಿಕಾ ಈಗ ಸೊಪ್ಪಿನ ಹೆಸರು ಕೇಳುತ್ತಿರಲಿಲ್ಲ.

ಮಳೆಗಾಲದಲ್ಲಿ ಮತ್ತೆ ಮನೆ ಮನೆ ಪರಿಶೀಲನೆ ಬಂತು. ಫೋನು ಹಿಡಿದು ಅಜ್ಜಿಯ ಬಾಗಿಲಿಗೆ ಹೋದಳು. ಹೇಳಲು ಒಂದು ಸಮಾಧಾನದ ಸುದ್ದಿಯೂ ಅವಳ ಹತ್ತಿರ ಇತ್ತು, ಸಣ್ಣಕ್ಷರವನ್ನೂ ಬಿಡದೆ ಓದಿಕೊಂಡು ಬಂದಿದ್ದಳು.

"ಅಜ್ಜಿ, ಆ ಗುರುತು ಆ ಒಂದು ಓಟಿಗೆ ಮಾತ್ರ ಅಂತೆ. ಪಟ್ಟೀಲಿ ನಿಮ್ಮಿಬ್ರ ಹೆಸರೂ ಮೊದಲಿನಂಗೇ ಐತೆ. ಪಂಚಾಯ್ತಿ ಓಟಿಗೆ ನಾನೇ ಹೊತ್ಕಂಡು ಹೋಗ್ತೀನಿ. ಎಷ್ಟು ಸಲ ಬೇಕೋ ಅಷ್ಟು ಸಲ ಓದಿಸ್ತೀನಿ."

ಅಜ್ಜಿ ಬೇವಿನ ಕಾಯಿ ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಬ್ಯಾಡ ಕಣವ್ವ."

"ಯಾಕಜ್ಜಿ?"

"ಬೇರೆಯೋರು ಕೂಗುವಾಗ, ಅವರೆಲ್ಲೋ ಅದಾರೆ, ಸಾಲಿನಾಗೆ ಹಿಂದೆಲ್ಲೋ ನಿಂತಾರೆ ಅನ್ನಿಸ್ತಿತ್ತು. ಅವತ್ತು ನಾನೇ ಕೂಗಿದ್ನಲ್ಲ, ಎರಡ್ಸಲ." ಅಜ್ಜಿ ಒಂದು ಹಣ್ಣೆಲೆಯನ್ನು ತೆಗೆದು ಆಚೆ ಹಾಕಿದಳು. "ಯಾರೂ ಓ ಅನ್ನಲಿಲ್ಲ."

ಫೋನಿನ ಪರದೆಯಲ್ಲಿ ಮೂರು ಆಯ್ಕೆಗಳಿದ್ದವು. ಇದ್ದಾರೆ, ಊರು ಬಿಟ್ಟಿದ್ದಾರೆ, ಮರಣ ಹೊಂದಿದ್ದಾರೆ. ದುರ್ಗಾಂಬಿಕಾ ಮೊದಲನೆಯದನ್ನು ಒತ್ತಿದಳು. ಆಮೇಲೆ ಮುಂದಿನ ಮನೆಗೆ ಹೋಗಲಾಗದೆ ಅಜ್ಜಿಯ ಎದುರಿಗೆ ಕೂತು, ಒಂದು ಹಿಡಿ ಬೇವಿನ ಕಾಯಿ ತೆಗೆದುಕೊಂಡು ತಾನೂ ಆರಿಸತೊಡಗಿದಳು.